ಒಂಬತ್ತನೇ ಕ್ಲಾಸು, ರೀಲ್ಸು, ಬಿಳುಪಿನ ಕ್ರೀಮು, ಪ್ರೋಟೀನ್ ಡಬ್ಬಿ: ಪೋಷಕರ ಸಭೆಗೆ ಏನು ಸಿದ್ಧ ಮಾಡಿಕೊಳ್ಳಲಿ?

ಹೈಸ್ಕೂಲ್_ಮೇಡಂ ಕೇಳಿದ್ದು:

ಮಂಡ್ಯ ಕಡೆಯ ಹೈಸ್ಕೂಲು. ಮುಂದಿನ ಶನಿವಾರ ಒಂಬತ್ತು, ಹತ್ತನೇ ತರಗತಿಯ ಪೋಷಕರ ಸಭೆ ಇದೆ. ಅದಕ್ಕೆ ಮುಂಚೆ ಮಕ್ಕಳ ಜೊತೆ 40 ನಿಮಿಷದ ಎರಡು ಪೀರಿಯಡ್ ಸಿಗುತ್ತದೆ. ಮೊಬೈಲ್ ಕೆಟ್ಟದ್ದು ಅಂತ ಭಾಷಣ ಮಾಡಿದರೆ ಹಿಂದಿನ ಬೆಂಚು ನಗುತ್ತದೆ, ಮುಂದಿನ ಬೆಂಚು ನೋಟ್ಸ್ ಬರೆದುಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು.

ಕಾಣುತ್ತಿರುವುದು ಇಷ್ಟು. ಕೆಲವು ಹೆಣ್ಣುಮಕ್ಕಳು ಬಿಸಿಯೂಟದ ಅನ್ನವನ್ನು ಕಲಸಿ ಕಲಸಿ ತಟ್ಟೆಯಲ್ಲೇ ಬಿಡುತ್ತಾರೆ. ಇನ್ನು ಕೆಲವರ ಮುಖ ಒಂದೇ ತಿಂಗಳಲ್ಲಿ ಬೆಳ್ಳಗಾಗಿ ಈಗ ಕೆಂಪು ಕೆಂಪು. ಹುಡುಗರು ದುಡ್ಡು ಕೂಡಿಸಿ ಪ್ರೋಟೀನ್ ಡಬ್ಬಿ ತರಿಸಿ ಹಂಚಿಕೊಳ್ಳುತ್ತಿದ್ದಾರೆ. ಗ್ರೂಪ್ ಫೋಟೊ ಅಂದರೆ ನಾಲ್ಕೈದು ಮಕ್ಕಳು ತಲೆನೋವು ಅಂತ ಕೂತುಬಿಡುತ್ತಾರೆ.

ಕ್ಲಾಸಿನಲ್ಲಿ ಮಾಡಿ ತೋರಿಸಬಹುದಾದ್ದು ಏನಾದರೂ ಇದೆಯೇ? ಪೋಷಕರಿಗೆ ಯಾವ ಮಾತು ಹೇಳಬೇಕು, ಯಾವುದನ್ನು ಹೇಳಬಾರದು? ವಿಷಯ ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

---

ಮನಸ್ಸು_ಮಾನಸಗಂಗೋತ್ರಿ ಉತ್ತರ:

ಮೇಡಂ, "ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡ್ತೀಯ" ಅನ್ನುವ ಪ್ರಶ್ನೆಯನ್ನು ಮೊದಲು ಕೈಬಿಡಿ. ಮಕ್ಕಳು ಅರ್ಧ ಹೇಳುತ್ತಾರೆ, ಅಪ್ಪ ಅಮ್ಮ ದುಪ್ಪಟ್ಟು ಹೇಳುತ್ತಾರೆ. ಹೆಸರು ಬರೆಯದ ಚೀಟಿ ಕೊಟ್ಟು ಮೂರೇ ಮೂರು ಕೇಳಿ: ಈಚೆಗೆ ವಿಡಿಯೊ ನೋಡಿ ಏನು ಕೊಂಡೆ? ಏನು ತಿನ್ನುವುದು ಬಿಟ್ಟೆ? ಎಲ್ಲಿಗೆ ಹೋಗುವುದು, ಯಾವುದಕ್ಕೆ ನಿಲ್ಲುವುದು ಬಿಟ್ಟೆ? ತೊಂದರೆ ಇರುವುದು ಈ ಮೂರರಲ್ಲಿ. ಎರಡು ಗಂಟೆ ಕ್ರಿಕೆಟ್ ನೋಡುವ ಹುಡುಗನಿಗಿಂತ ಇಪ್ಪತ್ತು ನಿಮಿಷ ಸೊಂಟದ ಅಳತೆಯ ವಿಡಿಯೊ ನೋಡಿ ಊಟ ಬಿಟ್ಟವಳ ಬಗ್ಗೆ ಹೆಚ್ಚು ಗಮನ ಬೇಕು. ಚೀಟಿಯನ್ನು ಒಂದೇ ಬಣ್ಣದ ಪೆನ್ನಿನಲ್ಲಿ ಬರೆಸಿ. ಓದಿದ ಮೇಲೆ ಅಕ್ಷರ ನೋಡಿ ಯಾರದೆಂದು ಹುಡುಕಲು ಹೋಗಬೇಡಿ, ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ.

ಫೀಡ್, ಅಂದರೆ ಆ್ಯಪ್ ಒಂದರ ಹಿಂದೊಂದು ತೋರಿಸುವ ವಿಡಿಯೊಗಳ ಸಾಲು, ನಡೆಯುವ ರೀತಿಯನ್ನು ಮಕ್ಕಳಿಗೆ ಹೇಳಲೇಬೇಕು. ಅದು ಲೈಕ್ ಒಂದನ್ನೇ ನೋಡುವುದಿಲ್ಲ, ಬೆರಳು ಎಷ್ಟು ಹೊತ್ತು ನಿಂತಿತು ಅಂತಲೂ ಎಣಿಸುತ್ತದೆ. ಮೊಡವೆಗೆ ಹೆದರಿ ಒಂದು ವಿಡಿಯೊ ಕೊನೆತನಕ ನೋಡಿದ ಹುಡುಗಿಗೆ ಇನ್ನೂ ಹತ್ತು ಮೊಡವೆ ವಿಡಿಯೊ ಬರುತ್ತವೆ. ಹೆದರಿ ನಿಂತದ್ದೋ ಇಷ್ಟಪಟ್ಟು ನಿಂತದ್ದೋ ಅದಕ್ಕೆ ಗೊತ್ತಾಗುವುದಿಲ್ಲ. "ಎಲ್ಲರೂ ಹೀಗೇ ಇದ್ದಾರೆ, ನಾನೊಬ್ಬಳೇ ಹೀಗೆ" ಅನ್ನಿಸುವುದು ಅಲ್ಲಿಂದ. ಮನುಷ್ಯರು ತಮಗೆ ಹತ್ತಿರದವರ ಜೊತೆಗೇ ತಮ್ಮನ್ನು ಅಳೆದುಕೊಳ್ಳುತ್ತಾರೆ ಅಂತ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದರು. ಸಿನಿಮಾ ನಟಿ ದೂರದವಳು, ಅಷ್ಟು ಚುಚ್ಚುವುದಿಲ್ಲ. ಪಕ್ಕದ ಊರಿನ, ಅದೇ ವಯಸ್ಸಿನ ಹುಡುಗಿಯ ರೀಲ್ ಚುಚ್ಚುತ್ತದೆ.

ಕ್ಲಾಸಿನ ಪ್ರಯೋಗಕ್ಕೆ ಒಂದು ಫೋನು, ಒಂದು ಟೇಪು ಸಾಕು. ಒಂದೇ ಮುಖದ ಎರಡು ಫೋಟೊ ತೆಗೆಯಿರಿ. ಒಂದು, ಒಂದು ಅಡಿ ದೂರದಿಂದ, ಅಂದರೆ ಸೆಲ್ಫಿ ದೂರ. ಇನ್ನೊಂದು ಐದು ಅಡಿಯಿಂದ. ಎರಡನೆಯದನ್ನು ಮುಖ ಅಷ್ಟೇ ಅಗಲ ಆಗುವ ಹಾಗೆ ಕತ್ತರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸ್ಕೇಲಿನಲ್ಲಿ ಮೂಗಿನ ಅಗಲ ಅಳೆಸಿ. 2018ರಲ್ಲಿ ಅಮೆರಿಕದ ವೈದ್ಯರು ಇದೇ ಲೆಕ್ಕ ಮಾಡಿ, 12 ಇಂಚಿನ ಸೆಲ್ಫಿಯಲ್ಲಿ ಮೂಗಿನ ಬುಡ ಐದಡಿಯ ಫೋಟೊಗಿಂತ ಸುಮಾರು 30% ಅಗಲ ಕಾಣುತ್ತದೆ ಅಂತ ತೋರಿಸಿದರು. ಕಾರಣ ಒಂಬತ್ತನೇ ಕ್ಲಾಸಿನ ಗಣಿತವೇ. ಮೂಗಿನ ತುದಿ ಕಿವಿಗಿಂತ 10 ಸೆಂ.ಮೀ. ಮುಂದಿದೆ ಅಂದುಕೊಳ್ಳಿ. ಕ್ಯಾಮೆರಾ 30 ಸೆಂ.ಮೀ.ಯಲ್ಲಿದ್ದರೆ ಮೂಗು 30ರಲ್ಲಿ, ಕಿವಿ 40ರಲ್ಲಿ. ಮೂಗು ಕಿವಿಗಿಂತ 1.33 ಪಟ್ಟು ಹಿಗ್ಗುತ್ತದೆ. ಕ್ಯಾಮೆರಾ 150ಕ್ಕೆ ಹೋದರೆ 160ನ್ನು 150ರಿಂದ ಭಾಗಿಸಿ, ಬರೀ 1.07. ಬೋರ್ಡಿನ ಮೇಲೆ ಮಕ್ಕಳ ಕೈಯಲ್ಲೇ ಮಾಡಿಸಿ. "ನನ್ನ ಮೂಗು ದಪ್ಪ" ಅಂತ ಕೊರಗುವ ಮಗು ಅಳೆದಿರುವುದು ತನ್ನ ತೋಳಿನ ಉದ್ದವನ್ನು.

ಇದು ಕೆಡುವುದು ಎರಡು ಕಡೆ. ಮಗುವಿನ ಮುಖ ಬಳಸಿದರೆ ವರ್ಷವಿಡೀ ಅಡ್ಡಹೆಸರು ಗ್ಯಾರಂಟಿ. ನಿಮ್ಮ ಮುಖವನ್ನೇ ಬಳಸಿ, ಇಲ್ಲವೇ ದಸರಾ ಗೊಂಬೆ ಪೆಟ್ಟಿಗೆಯಿಂದ ಮೂಗು ಎದ್ದು ಕಾಣುವ ಒಂದು ಗೊಂಬೆ ತನ್ನಿ. ಗೊಂಬೆ ಚಿಕ್ಕದಾದರೆ ದೂರವನ್ನೂ ಅದೇ ಪ್ರಮಾಣದಲ್ಲಿ ಇಳಿಸಿ. ಗೊಂಬೆಯ ಮುಖ ನಮ್ಮದರ ಕಾಲು ಭಾಗ ಇದ್ದರೆ ಮೂರು ಇಂಚು ಮತ್ತು ಹದಿನೈದು ಇಂಚು. ಅಷ್ಟು ಹತ್ತಿರದಲ್ಲಿ ಕೆಲವು ಫೋನಿನ ಫೋಕಸ್ ಕೂರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಇನ್ನೊಂದು, ಬಹಳ ಫೋನುಗಳ ಮುಂದಿನ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ತಾನಾಗಿಯೇ ಆನ್ ಇರುತ್ತದೆ. ಅದನ್ನು ಸೊನ್ನೆಗೆ ಇಳಿಸಿ ತೆಗೆಯಿರಿ. ಆಮೇಲೆ ಪೂರ್ತಿ ಏರಿಸಿ ಮೂರನೇ ಫೋಟೊ ತೆಗೆದು, ಏನೇನು ಮಾಯವಾಯಿತು ಅಂತ ಪಟ್ಟಿ ಮಾಡಿಸಿ.

ಪೋಷಕರಿಗೆ ಹೇಳುವಾಗ ನಮ್ಮ ಜಿಲ್ಲೆಯ ಹೆಸರೇ ಸಹಾಯಕ್ಕೆ ಬರುತ್ತದೆ. ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ, ಆಗಿದ್ದಾಗ, 2023ರ ಮೇನಲ್ಲಿ, ಇದೇ ವಿಷಯದ ಮೇಲೆ ಎಚ್ಚರಿಕೆ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಲ್ಲಿ ಆತಂಕ, ಖಿನ್ನತೆಯಂಥ ತೊಂದರೆಯ ಅಪಾಯ ಎರಡು ಪಟ್ಟು ಅಂತಲೂ, ಅಲ್ಲಿನ 13ರಿಂದ 17ರ ಮಕ್ಕಳಲ್ಲಿ 46% ಮಂದಿ ಅದರಿಂದ ತಮ್ಮ ದೇಹದ ಬಗ್ಗೆ ಬೇಸರ ಹೆಚ್ಚುತ್ತದೆ ಅಂದರು ಅಂತಲೂ ಅದರಲ್ಲಿದೆ. ಆದರೆ "ಮೂರು ಗಂಟೆ ನೋಡಿದರೆ ಕಾಯಿಲೆ ಬರುತ್ತೆ" ಅಂತ ಹೇಳಿಬಿಡಬೇಡಿ. ಮೊದಲೇ ಬೇಜಾರಿನಲ್ಲಿರುವ ಮಗುವೇ ಹೆಚ್ಚು ಹೊತ್ತು ನೋಡುತ್ತಿರಬಹುದು. ಆ ಅಂಕಿ ಇವೆರಡನ್ನೂ ಬಿಡಿಸಿ ಹೇಳುವುದಿಲ್ಲ.

---

ತ್ವಚೆ_ತಜ್ಞ_ಅಲ್ಲ_ಆದ್ರೂ_ಫಾರ್ಮಸಿ ಉತ್ತರ:

ಕ್ರೀಮಿನ ವಿಷಯ ತುರ್ತಿನದು, ಅದಕ್ಕೆ ಅಷ್ಟನ್ನೇ ಬರೆಯುತ್ತೇನೆ.

ಮಕ್ಕಳು ಹಚ್ಚುವ ಟ್ಯೂಬನ್ನು ತರಿಸಿ ಹಿಂಭಾಗ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್, ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟೀರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಸೇರಿದ್ದರೆ ಅದು ಬಂಗು ಅನ್ನುವ ಮುಖದ ಕಂದು ಕಲೆಗೆ ವೈದ್ಯರು ಅಳೆದು ಬರೆಯುವ ಔಷಧ, ದಿನಾ ಬೆಳಗ್ಗೆ ಬಳಿಯುವ ಕ್ರೀಮಲ್ಲ. 2018ರಲ್ಲಿ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮಾರುತ್ತಾರೆ, ಅದು ಬೇರೆ ಮಾತು.

ನೀವು ಹೇಳಿದ "ಬೆಳ್ಳಗಾಗಿ ಆಮೇಲೆ ಕೆಂಪು" ಇದರದೇ ಗುರುತು. ಸ್ಟೀರಾಯ್ಡ್ ಮೊದಲು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೊಡವೆಯ ಊತ ಇಳಿಸುತ್ತದೆ. ಎರಡು ವಾರಕ್ಕೆ ಮುಖ ಹೊಳೆಯುತ್ತದೆ, ಮಗು ಗೆಳತಿಗೂ ಹೇಳುತ್ತದೆ. ಆಮೇಲೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಬಿಸಿಲಿಗೆ ಉರಿಯುತ್ತದೆ, ಒಂದೇ ಗಾತ್ರದ ಸಣ್ಣ ಮೊಡವೆ ಏಳುತ್ತವೆ, ಕೆನ್ನೆಯಲ್ಲಿ ರೋಮ ಬೆಳೆಯುತ್ತದೆ. ಬಿಟ್ಟರೆ ಎರಡು ಮೂರು ದಿನದಲ್ಲಿ ಉರಿ, ಕೆಂಪು. ಮತ್ತೆ ಹಚ್ಚಿದರೆ ತಣ್ಣಗೆ. ಹಾಗಾಗಿ ಬಿಡಲಾಗದೆ ಹಚ್ಚುತ್ತಲೇ ಹೋಗುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ್ದರೆ ಮನೆಯಲ್ಲೇ ವೈದ್ಯ ಮಾಡದೆ ಚರ್ಮವೈದ್ಯರಿಗೆ ತೋರಿಸಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ.

ಹಿಂಭಾಗದಲ್ಲಿ ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚು ಏನೂ ಇಲ್ಲದ ಡಬ್ಬಿ ಇನ್ನೂ ಕೆಟ್ಟದ್ದು, ಪಾದರಸ ಇರಬಹುದು. ಕಾನೂನಿನ ಪ್ರಕಾರ ಮುಖದ ಕ್ರೀಮಿನಲ್ಲಿ ತಾನಾಗಿ ಸೇರಿದ ಪಾದರಸವೂ ಹತ್ತು ಲಕ್ಷಕ್ಕೆ ಒಂದು ಭಾಗ ಮೀರಬಾರದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾಯಿತು. ಮೂತ್ರದಲ್ಲಿ ನೊರೆ, ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಪಾದದಲ್ಲಿ ಊತ ಕಂಡರೆ ಅದೇ ವಾರ ಮೂತ್ರ ಪರೀಕ್ಷೆ ಮಾಡಿಸಿ.

ಮನೆಮದ್ದು ಅಂತ ರೀಲ್ಸಿನಲ್ಲಿ ಬರುವ ನಿಂಬೆರಸವೂ ಸಾಧುವಲ್ಲ. ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಪ್ಪು ಪಟ್ಟೆ ಬೀಳುತ್ತದೆ. ಅಡುಗೆ ಸೋಡಾ, ಟೂತ್‌ಪೇಸ್ಟ್ ಕೂಡ ಬೇಡ. ಈ ವಯಸ್ಸಿಗೆ ಬೇಕಾದ್ದು ಮೂರು: ದಿನಕ್ಕೆ ಎರಡು ಸಲ ಸೌಮ್ಯ ಫೇಸ್‌ವಾಶ್, ಸಾದಾ ಮಾಯಿಶ್ಚರೈಸರ್, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಎರಡು ಬೆರಳುದ್ದ. ಮೊಡವೆ ಗಾಯ ಮಾಡುವಷ್ಟು ದೊಡ್ಡದಿದ್ದರೆ ಅದಕ್ಕೆ ಚಿಕಿತ್ಸೆ ಇದೆ, "ವಯಸ್ಸಿಗೆ ಹೋಗುತ್ತೆ ಬಿಡು" ಅಂತ ಕೂರಬೇಡಿ.

---

ಮುದ್ದೆ_ಲೆಕ್ಕ ಉತ್ತರ:

ಮೇಡಮ್ನೋರೆ, ಡಬ್ಬಿ ಹುಡುಗರ ಹತ್ರ "ಬೇಡ" ಅಂದ್ರೆ ನಡೆಯಲ್ಲ, ಲೆಕ್ಕ ಇಡಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಕಾರ ದಿನಕ್ಕೆ ಬೇಕಾದ ಪ್ರೋಟೀನ್ 13ರಿಂದ 15ರ ಹುಡುಗರಿಗೆ 45 ಗ್ರಾಂ, ಹುಡುಗಿಯರಿಗೆ 43. 16 ದಾಟಿದ ಮೇಲೆ 55 ಮತ್ತು 46.

ಈಗ ನಮ್ಮೂರ ತಟ್ಟೆ. ಎರಡು ಮುದ್ದೆಗೆ 150 ಗ್ರಾಂ ರಾಗಿಹಿಟ್ಟು ಅಂದ್ರೆ 10 ಗ್ರಾಂ ಪ್ರೋಟೀನು. ಅಕ್ಕಿ 150 ಗ್ರಾಂ, ಸುಮಾರು 12. ಹುರುಳಿನೋ ಹೆಸರುಕಾಳೋ 50 ಗ್ರಾಂ, 11. ಒಂದು ಮೊಟ್ಟೆ 6. ಒಂದು ಲೋಟ ಹಾಲು 6. ಒಂದು ಹಿಡಿ ಕಳ್ಳೆಕಾಯಿ ಬೀಜ, 30 ಗ್ರಾಂ, 7. ಒಟ್ಟು 52. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಇಷ್ಟು ಸಾಕು, ಮಿಗುತ್ತೆ. ಸೋರಿಹೋಗೋದು ಎಲ್ಲಿ ಅಂದ್ರೆ ಉಪ್ಸಾರು, ಬಸ್ಸಾರು ಮಾಡ್ದಾಗ ಕಟ್ಟು ಉಣ್ಕೊಂಡು ಕಾಳಿನ ಪಲ್ಯ ಮುಟ್ಟದೆ ಏಳ್ತಾರೆ. ಪ್ರೋಟೀನು ಇರೋದು ಕಾಳಲ್ಲಿ ಕಣ್ರಪ್ಪಾ, ಕಟ್ಟಲ್ಲಲ್ಲ. ಬೆಳಗ್ಗೆ ಟ್ಯೂಷನ್‌ಗೆ ಬರೀ ಕಾಫಿ ಕುಡ್ಕೊಂಡು ಓಡೋದು ಇನ್ನೊಂದು ತೂತು.

ಡಬ್ಬಿ ತರಿಸಿದ್ರೆ ಹಿಂದಿನ ಪಟ್ಟಿ ಓದಿಸಿ. ತೂಕ ಹೆಚ್ಚಿಸೋ ಪುಡಿಲಿ 100 ಗ್ರಾಂಗೆ ಪ್ರೋಟೀನು 15-20 ಗ್ರಾಂ, ಕಾರ್ಬೋಹೈಡ್ರೇಟ್ 70ರ ಮೇಲೆ ಇದ್ರೆ ಅದು ಮಾಲ್ಟೋಡೆಕ್ಸ್‌ಟ್ರಿನ್, ಅಂದ್ರೆ ಸಕ್ಕರೆ ಥರದ ಹಿಟ್ಟು. ಹೆಸರುಕಾಳಲ್ಲಿ 100ಕ್ಕೆ 24 ಇದೆ. ಆಹಾರ ಸುರಕ್ಷತೆಯವರು ಕೊಡೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇಲ್ದೇ ಇದ್ರೆ, ಸೀಲ್ ಒಡೆದು ಬಿಡಿಯಾಗಿ ತೂಗಿ ಕೊಟ್ಟಿದ್ರೆ ಮುಟ್ಟಲೇಬಾರದು.

ಡಬ್ಬಿಗಿಂತ ದೊಡ್ಡ ಭಯ ಸೂಜಿ, ಮಾತ್ರೆ. ಹೊರಗಿಂದ ಟೆಸ್ಟೋಸ್ಟೆರಾನ್ ಥರದ್ದು ಹಾಕಿದ್ರೆ ಮೂಳೆ ತುದಿಯ ಬೆಳವಣಿಗೆ ತಟ್ಟೆ ಬೇಗ ಮುಚ್ಕೊಳ್ಳುತ್ತೆ, ಎತ್ತರ ಅಲ್ಲಿಗೇ ನಿಲ್ಲುತ್ತೆ. ಮೈ ತಾನೇ ಮಾಡ್ತಿದ್ದ ಹಾರ್ಮೋನು ನಿಂತು ವೃಷಣ ಕುಗ್ಗುತ್ತೆ, ಎದೆ ಬೆಳೆಯುತ್ತೆ. "ಎತ್ತರ ನಿಲ್ಲುತ್ತೆ" ಅನ್ನೋ ಒಂದು ಮಾತು ಹುಡುಗರಿಗೆ ನಾಟೋ ಹಾಗೆ ಇನ್ಯಾವುದೂ ನಾಟಲ್ಲ.

ಮಕ್ಕಳ ತೂಕ ವಾರಕ್ಕೊಂದು ಸಲ ತೆಗೆದು ಗೋಡೆ ಮೇಲೆ ಬರೆದಿಡಿ, ಊಟ ಬಿಡೋರು ತಾನಾಗೇ ಗೊತ್ತಾಗ್ತಾರೆ.

---

ನಾಲೆ_ಏರಿ ಉತ್ತರ:

ಎಲ್ಲಾ ಸರಿ, ಆದರೆ ಮೊಬೈಲಿನ ತಲೆಗೇ ಕಟ್ಟಬೇಡಿ. "ಬೆಳ್ಳಗೆ, ಲಕ್ಷಣವಾಗಿದ್ದಾಳೆ" ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ಮನೆಗಳು. ವಧು-ವರರ ಅಂಕಣದ "ಗೌರವರ್ಣ" ರೀಲ್ಸಿಗಿಂತ ಹಳೆಯದು. ಫೇರ್ ಅಂಡ್ ಲವ್ಲಿ ಬಂದಿದ್ದು 1975ರಲ್ಲಿ, ಹೆಸರಿನಿಂದ ಫೇರ್ ತೆಗೆದಿದ್ದು 2020ರಲ್ಲಿ. ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಬಾರದು ಅಂತ ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ನಿಯಮ ಮಾಡಿತು. ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಅಂಥ ಮಂಡಳಿ ಇಲ್ಲ. ಸಭೆಯಲ್ಲಿ ಪೋಷಕರಿಗೆ ಒಂದೇ ಕೇಳಿ: ಮನೆಯಲ್ಲಿ ಮಗುವನ್ನು ಕರಿಯ, ಡುಮ್ಮಿ, ಕಡ್ಡಿ ಅಂತ ಕರೆಯುವವರು ಯಾರು? ಕೈ ಎತ್ತಿಸಬೇಡಿ, ಸುಮ್ಮನೆ ಕೇಳಿ ಬಿಡಿ.

---

ಹೈಸ್ಕೂಲ್_ಮೇಡಂ ಮತ್ತೆ:

ಎಲ್ಲರಿಗೂ ಧನ್ಯವಾದ. ಗೋಡೆ ಮೇಲೆ ತೂಕ ಬರೆಯುವುದು ಸರಿ ಅನ್ನಿಸಲಿಲ್ಲ, ಬಲ್ಲವರು ಹೇಳಿ. ಇನ್ನೊಂದು, ಹತ್ತನೇ ಕ್ಲಾಸಿನ ಅಪ್ಪಂದಿರು "ಫೋನೇ ಕಿತ್ಕೋತೀವಿ" ಅನ್ನುತ್ತಾರೆ. ಅರ್ಧ ಮನೆಗಳಲ್ಲಿ ಇರುವುದೇ ಒಂದು ಫೋನು, ಅದೂ ಅಪ್ಪನದು. ಸೆಟ್ಟಿಂಗ್ ಮಾಡುವುದಾದರೆ ಎಲ್ಲಿಂದ ಶುರು?

---

ಸೆಟ್ಟಿಂಗ್ಸ್_ಸ್ವಾಮಿ ಉತ್ತರ:

ಕಿತ್ತುಕೊಂಡರೆ ಗೆಳೆಯನ ಫೋನಿನಲ್ಲಿ ಎರಡನೇ ಅಕೌಂಟ್ ಹುಟ್ಟುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಹುಟ್ಟಿದ ತಾರೀಖು ನೋಡಿ. ಇನ್‌ಸ್ಟಾಗ್ರಾಮಿನಲ್ಲಿ ಅಕೌಂಟ್ಸ್ ಸೆಂಟರ್, ಪರ್ಸನಲ್ ಡೀಟೇಲ್ಸ್, ಬರ್ತ್‌ಡೇ. ಬಹಳ ಮಕ್ಕಳು ವರ್ಷ ಸುಳ್ಳು ಹಾಕಿರುತ್ತಾರೆ. 2025ರ ಫೆಬ್ರವರಿಯಿಂದ ಇಲ್ಲೂ ಟೀನ್ ಅಕೌಂಟ್ ಬಂದಿದೆ: 18ರ ಒಳಗಿನವರಿಗೆ ಅಕೌಂಟ್ ಪ್ರೈವೇಟ್, 60 ನಿಮಿಷಕ್ಕೆ ಸೂಚನೆ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಮೌನ, 16ರ ಒಳಗಿನವರು ಇದನ್ನು ಸಡಿಲಿಸಲು ಪೋಷಕರ ಒಪ್ಪಿಗೆ. ವಯಸ್ಸು 21 ಅಂತಿದ್ದರೆ ಇದ್ಯಾವುದೂ ತಾನಾಗಿ ಹತ್ತುವುದಿಲ್ಲ.

ಎರಡನೆಯದು, ಕೆಟ್ಟ ಫೀಡ್ ಅಳಿಸುವುದು. ಸೆಟ್ಟಿಂಗ್ಸ್‌ನಲ್ಲಿ ಕಂಟೆಂಟ್ ಪ್ರಿಫರೆನ್ಸಸ್, ಅದರೊಳಗೆ ರೀಸೆಟ್ ಸಜೆಸ್ಟೆಡ್ ಕಂಟೆಂಟ್. ಒತ್ತಿದ ಮೇಲೆ ಮೊದಲ ಅರ್ಧ ಗಂಟೆ ಮುಖ್ಯ. ಆಗ ಯಾವುದರ ಮೇಲೆ ಬೆರಳು ನಿಲ್ಲುತ್ತದೋ ಹೊಸ ಫೀಡ್ ಅದರಿಂದಲೇ ಕಟ್ಟಿಕೊಳ್ಳುತ್ತದೆ. ಕಬಡ್ಡಿ, ರಂಗೋಲಿ, ಬೈಕ್ ರಿಪೇರಿ, ಮಗುವಿಗೆ ನಿಜವಾಗಿ ಇಷ್ಟವಾದ ಹತ್ತು ಪೇಜ್ ಹುಡುಕಿ ಫಾಲೋ ಮಾಡಿಸಿ. ತೂಕ, ಬಿಳುಪಿನದು ಬಂದರೆ ಒತ್ತಿ ಹಿಡಿದು "ನಾಟ್ ಇಂಟರೆಸ್ಟೆಡ್". ಬೈಯುತ್ತಾ ಪೂರ್ತಿ ನೋಡಿದರೂ ನೋಡಿದ ಹಾಗೆಯೇ ಲೆಕ್ಕ. ಹಾಗೇ ಲೈಕ್ ಅಂಡ್ ಶೇರ್ ಕೌಂಟ್ಸ್‌ಗೆ ಹೋಗಿ ಎಣಿಕೆ ಮರೆಮಾಡಿ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ, ಮುಂದೆ ದಾಖಲಾಗದ ಹಾಗೆ ಪಾಜ್ ಮಾಡಿದರೆ ಮೊದಲ ಪುಟ ಖಾಲಿಯಾಗುತ್ತದೆ. ಪಾಠ ಬೇಕಾದರೆ ಹೆಸರು ಟೈಪ್ ಮಾಡಿ ಹುಡುಕಿಕೊಳ್ಳಲಿ.

ಅಪ್ಪನ ಫೋನೇ ಆದರೆ ತೊಂದರೆ ಬೇರೆ. ಅಲ್ಲಿ ಮಗುವಿಗೆ ಸಿಗುವುದು ಅಪ್ಪನ ವಯಸ್ಸಿನ ಜಾಹೀರಾತು. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಪಲ್ ಯೂಸರ್ಸ್‌ಗೆ ಹೋಗಿ ಮಗುವಿಗೆ ಬೇರೆ ಯೂಸರ್ ಮಾಡಿ. ಕೆಲವು ಕಂಪನಿಯ ಫೋನಿನಲ್ಲಿ ಇದಕ್ಕೆ ಬೇರೆ ಹೆಸರಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಇಲ್ಲದಿದ್ದರೆ ಕೊನೇಪಕ್ಷ ಯೂಟ್ಯೂಬಿಗೆ ಬೇರೆ ಗೂಗಲ್ ಅಕೌಂಟ್.

ನಿದ್ದೆಯ ಲೆಕ್ಕ ಸ್ಕ್ರೀನ್ ಟೈಮಿಗಿಂತ ಮುಖ್ಯ. 13ರಿಂದ 18ರವರಿಗೆ 8ರಿಂದ 10 ಗಂಟೆ ಬೇಕು. ಬೆಳಗಿನ ಟ್ಯೂಷನ್‌ಗೆ 5ಕ್ಕೆ ಏಳುವ ಮಗು 9ಕ್ಕೆ ಮಲಗಿರಬೇಕು. ಇನ್‌ಸ್ಟಾಗ್ರಾಮಿನಲ್ಲಿ 10 ಗಂಟೆಗೆ ಶುರುವಾಗುವ ಸ್ಲೀಪ್ ಮೋಡ್ ಅದಕ್ಕೆ ಸಾಲದು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್‌ಗೆ ಹೋಗಿ ಬೆಡ್‌ಟೈಮ್ ಮೋಡನ್ನು 8.45ಕ್ಕೆ ಇಡಿ, ಪರದೆ ಕಪ್ಪುಬಿಳುಪಾಗುವ ಆಯ್ಕೆಯೂ ಅಲ್ಲೇ ಇದೆ. ಚಾರ್ಜರ್ ಅಡುಗೆಮನೆಯಲ್ಲಿರಲಿ, ಅಪ್ಪನ ಫೋನೂ ಅಲ್ಲೇ. ಅಲಾರಂಗೆ ಫೋನು ಬೇಕು ಅಂದರೆ ಒಂದು ಗಡಿಯಾರ ತಂದುಕೊಡಿ.

---

ಮನಸ್ಸು_ಮಾನಸಗಂಗೋತ್ರಿ ಉತ್ತರ:

ಮುದ್ದೆಲೆಕ್ಕದವರೆ, ಪ್ರೋಟೀನ್ ಲೆಕ್ಕಕ್ಕೆ ನಮಸ್ಕಾರ, ಗೋಡೆ ಮೇಲಿನ ತೂಕ ಮಾತ್ರ ಖಂಡಿತ ಬೇಡ. ಊಟ ಬಿಡುವ ಮಗುವಿಗೆ ಅದು ಸ್ಪರ್ಧೆಯ ಪಟ್ಟಿ ಆಗುತ್ತದೆ. ಆರೋಗ್ಯ ತಪಾಸಣೆಯವರು ಬಂದಾಗಲೂ ತೂಕವನ್ನು ಕೂಗಿ ಹೇಳದೆ ಬರೆದುಕೊಳ್ಳಲು ಕೇಳಿಕೊಳ್ಳಿ. ಕ್ಲಾಸಿನಲ್ಲಿ ಕ್ಯಾಲೊರಿ ಸಂಖ್ಯೆ ಕೂಡ ಬೇಡ. ಊಟ ಬಿಡುವವರು ಏನೇನು ಮಾಡುತ್ತಾರೆ ಅನ್ನುವ ವಿವರವಂತೂ ಬೇಡವೇ ಬೇಡ. ಎಚ್ಚರಿಸಲು ಹೇಳಿದ್ದು ಕೆಲವರಿಗೆ ಪಾಠವಾಗುತ್ತದೆ. ಫಿಜಿ ದ್ವೀಪದ ನದ್ರೋಗದಲ್ಲಿ 1995ರಲ್ಲಿ ಟಿವಿ ಬಂದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆ ಅಂದ ಹುಡುಗಿಯರು ಒಬ್ಬರೂ ಇರಲಿಲ್ಲ, 1998ರ ಹೊತ್ತಿಗೆ 11.3%. ಅಮೆರಿಕದ ಸಂಶೋಧಕಿ ಆನ್ ಬೆಕರ್ ಅವರ ಈ ಅಧ್ಯಯನವನ್ನು ಪೋಷಕರಿಗೆ ಹೇಳಿ, ಮಕ್ಕಳಿಗೆ ಹೇಳಬೇಡಿ.

ತೂಕದ ಬದಲು ಇವನ್ನು ಗಮನಿಸಿ: ಉಂಡ ಕೂಡಲೇ ಪ್ರತಿದಿನ ಬಚ್ಚಲಿಗೆ ಹೋಗುವುದು, ಸೆಕೆಯಲ್ಲೂ ಸ್ವೆಟರ್, ಪ್ರಾರ್ಥನೆಯಲ್ಲಿ ತಲೆಸುತ್ತು, ಮೂರು ತಿಂಗಳು ಮುಟ್ಟು ನಿಂತಿರುವುದು, ಯೂನಿಫಾರ್ಮ್ ಸಡಿಲವಾಗುವುದು. ಎರಡು ಕಂಡರೂ ಮೊದಲು ವೈದ್ಯರ ಹತ್ತಿರ ನಾಡಿ, ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಲಿ. ರಕ್ತಹೀನತೆ, ಕ್ಷಯವೂ ಹೀಗೇ ಕಾಣಬಹುದು, ಎಲ್ಲವನ್ನೂ ರೀಲ್ಸಿಗೆ ಹಚ್ಚಬಾರದು. ಮಂಡ್ಯದಲ್ಲಿ ಮೆಡಿಕಲ್ ಕಾಲೇಜಿನ ಮಿಮ್ಸ್ ಆಸ್ಪತ್ರೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡು ಕಡೆಯೂ ಮನೋವೈದ್ಯ ವಿಭಾಗವಿದೆ. ಫೋನು ಬಿಡಲಾಗದ ತೊಂದರೆಗೇ ಅಂತ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. "ಬದುಕೋದೇ ಬೇಡ" ಅನ್ನುವ ಮಾತು ಮಗುವಿನ ಬಾಯಲ್ಲಿ ಬಂದರೆ ಸಭೆಯವರೆಗೆ ಕಾಯದೆ ಅವತ್ತೇ ಮನೆಯವರನ್ನು ಕರೆಸಿ, ಮಗುವನ್ನು ಒಂಟಿಯಾಗಿ ಕಳಿಸಬೇಡಿ.

ಊಟ ಬಿಡುವ ಮಗುವಿನ ಹತ್ತಿರ ಮಾತಾಡುವಾಗ "ನೀನು ಚೆನ್ನಾಗೇ ಇದ್ದೀಯಲ್ಲ" ಅಂತ ಶುರುಮಾಡಿದರೆ ಮಾತು ಮತ್ತೆ ಚೆಂದಕ್ಕೇ ಬಂದು ನಿಲ್ಲುತ್ತದೆ. "ನಾಲ್ಕು ದಿನದಿಂದ ಅನ್ನ ಬಿಡ್ತಿದ್ದೀಯ, ಏನಾಗಿದೆ?" ಅಂತ ಕಂಡದ್ದನ್ನಷ್ಟೇ ಕೇಳಿ, ಆಮೇಲೆ ಸುಮ್ಮನಿರಿ.

---

ಹೈಸ್ಕೂಲ್_ಮೇಡಂ:

ಬರೆದುಕೊಂಡೆ. ಚೀಟಿ ಸೋಮವಾರ, ಗೊಂಬೆ ಪ್ರಯೋಗ ಬುಧವಾರ. ಸ್ಟಾಫ್ ರೂಮಿನಲ್ಲಿ ಕೇಳಿದ್ದಕ್ಕೆ ದಸರಾ ಪೆಟ್ಟಿಗೆಯಿಂದ ಅಂಗಡಿ ಶೆಟ್ಟರ ಗೊಂಬೆ ಸಿಕ್ಕಿದೆ, ಮೂಗು ಅಳೆಯುವಷ್ಟು ಉದ್ದಕ್ಕಿದೆ. ಟ್ಯೂಬುಗಳ ಹಿಂಭಾಗದ ಫೋಟೊ ಗುರುವಾರ ಇಲ್ಲೇ ಹಾಕುತ್ತೇನೆ, ಫಾರ್ಮಸಿಯವರು ದಯವಿಟ್ಟು ನೋಡಿ ಹೇಳಬೇಕು.